ಬೈಕುಲ್ಲಾ ಮತ್ತು ಆರಂಭದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು

ಬೈಕುಲ್ಲಾ ಮುಂಬೈ ದ್ವೀಪನಗರದ ನಡುಭಾಗದಲ್ಲಿರುವ ಬಡಾವಣೆ. ಇಲ್ಲಿಂದ ಪರೇಲ್, ಲಾಲ್‌ಬಾಗ್‌ಗಳವರೆಗೆ ಹಬ್ಬಿದ ಹತ್ತಿ ಗಿರಣಿಗಳ ಪ್ರದೇಶಕ್ಕೆ ‘ಗಿರಣಗಾಂವ್’ ಎಂದು ಹೆಸರು. ಬೋರಿಬಂದರದಿಂದ ಠಾಣೆಗೆ 1853ರಲ್ಲಿ ಶುರುವಾದ ದೇಶದ ಮೊದಲ ಪ್ರಯಾಣಿಕ ರೈಲುಮಾರ್ಗ ಬೈಕುಲ್ಲಾವನ್ನು ಹಾದುಹೋಗುತ್ತದೆ. ಜಿ.ಐ.ಪಿ. ರೈಲ್ವೆಯ ಮೊದಲ ಕಾರ್ಖಾನೆಯೂ ಪರೇಲಿಗೆ ಹೋಗುವ ಮುನ್ನ ಇಲ್ಲಿಯೇ ಇತ್ತು. ಒಂದು ಕಾಲಕ್ಕೆ ಬೈಕುಲ್ಲಾ ಯುರೋಪಿಯನ್ನರ ಕ್ಲಬ್ಬು, ಬಂಗಲೆ, ಕುದುರೆ ಜೂಜುಗಳ ಊರು. ಖಟಾವ್ ಮಿಲ್ಲಿನಂಥ ಗಿರಣಿಗಳೂ ಅವುಗಳ ಸುತ್ತ ಚಾಳುಗಳೂ ಎದ್ದಮೇಲೆ ಅದರ ಚಹರೆ ಬದಲಾಯಿತು. ಭಾರತದ ಕಾರ್ಮಿಕ ಚಳವಳಿ ಜಿನೀವಾ ಮತ್ತು ವಾಷಿಂಗ್ಟನ್‌ಗಳ ಅಂತರರಾಷ್ಟ್ರೀಯ ಕಾರ್ಮಿಕ ಸಭೆಗಳ ಜೊತೆ ಮೊದಲು ನಂಟು ಬೆಳೆಸಿದ್ದು ಈ ನೆರೆಹೊರೆಯಿಂದ.

ಆದರೆ ಚಳವಳಿ ಜಿನೀವಾದಿಂದ ಇಳಿದು ಬಂದುದಲ್ಲ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಬಳಗದ ನಾರಾಯಣ ಮೇಘಾಜಿ ಲೋಖಂಡೆ ‘ದೀನಬಂಧು’ ಪತ್ರಿಕೆಯ ಸಂಪಾದಕರು. ಗಿರಣಿಯಲ್ಲಿ ಕೆಲಸ ಮಾಡಿ ಅಲ್ಲಿನ ಬದುಕನ್ನು ಕಂಡವರು. 1884ರ ಸೆಪ್ಟೆಂಬರಿನಲ್ಲಿ ಅವರು ಗಿರಣಿ ಕಾರ್ಮಿಕರ ಸಭೆಗಳನ್ನು ಕರೆದರು. ಸುಮಾರು 5,500 ಮಂದಿ ಒಪ್ಪಿದ ಮನವಿಯಲ್ಲಿದ್ದ ಬೇಡಿಕೆಗಳು ಸರಳವಾಗಿದ್ದವು: ಭಾನುವಾರ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ತಿಂಗಳ 15ರೊಳಗೆ ಸಂಬಳ, ಗಾಯಗೊಂಡವರಿಗೆ ಪರಿಹಾರ. 1890ರ ಏಪ್ರಿಲ್ 24ರಂದು ಮಹಾಲಕ್ಷ್ಮಿಯ ಬಯಲಿನಲ್ಲಿ ಹತ್ತು ಸಾವಿರದಷ್ಟು ಕಾರ್ಮಿಕರು ಸೇರಿದರು. ವೇದಿಕೆಯಿಂದ ಇಬ್ಬರು ಹೆಂಗಸರೂ ಮಾತನಾಡಿದರು. ಜೂನ್ 10ರಂದು ಗಿರಣಿ ಮಾಲೀಕರ ಸಂಘ ವಾರದ ರಜೆಗೆ ಒಪ್ಪಿತು.

ಅದೇ 1890ರ ಮಾರ್ಚಿನಲ್ಲಿ ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮ್ ಬರ್ಲಿನ್ನಿನಲ್ಲಿ ಕರೆದ ಸರಕಾರಗಳ ಸಮ್ಮೇಳನ ಭಾನುವಾರದ ವಿರಾಮ, ಮಕ್ಕಳ ದುಡಿಮೆ, ಹೆಂಗಸರ ಕೆಲಸದ ಅವಧಿಗಳ ಬಗ್ಗೆ ಶಿಫಾರಸು ಮಾಡಿತ್ತು. ಲಂಡನ್ ಸರಕಾರ ಅದನ್ನು ಭಾರತದ ಮುಂದಿಟ್ಟಿತು. 1891ರ ಕಾರ್ಖಾನೆ ಕಾಯಿದೆ ಹೆಂಗಸರಿಗೆ ದಿನಕ್ಕೆ 11 ಗಂಟೆ, 9ರಿಂದ 14 ವರ್ಷದ ಮಕ್ಕಳಿಗೆ 7 ಗಂಟೆಯ ಮಿತಿ ಹಾಕಿತು. ಗಂಡಾಳುಗಳ ದುಡಿಮೆಗೆ ಮಿತಿಯೇ ಇರಲಿಲ್ಲ. ಇದರಲ್ಲಿ ಕರುಣೆ ಎಷ್ಟು, ಮುಂಬೈಯ ಅಗ್ಗದ ನೂಲಿನಿಂದ ಪೆಟ್ಟು ತಿಂದ ಲ್ಯಾಂಕಾಶೈರ್ ಮಾಲೀಕರ ಒತ್ತಡ ಎಷ್ಟು ಎಂಬುದು ಅಂದೇ ಎದ್ದ ಪ್ರಶ್ನೆ. ಎರಡನೆಯದರ ಪಾಲು ಚಿಕ್ಕದೇನೂ ಆಗಿರಲಿಲ್ಲ.

ಮುಂದೆ ಕಾರ್ಮಿಕ ಪ್ರಶ್ನೆಯೊಡನೆ ಬೆರೆಯಲಿದ್ದ ಶಾಂತಿ ಸಂಘಟನೆಗಳು ಈ ಹೊತ್ತಿಗೆ ಬೇರೆಯೇ ದಾರಿಯಲ್ಲಿದ್ದವು. 1891ರಲ್ಲಿ ಹುಟ್ಟಿ ಬರ್ನ್‌ನಲ್ಲಿ ನೆಲೆ ನಿಂತ ಅಂತರರಾಷ್ಟ್ರೀಯ ಶಾಂತಿ ಬ್ಯೂರೋ ರಾಷ್ಟ್ರರಾಷ್ಟ್ರಗಳ ವ್ಯಾಜ್ಯವನ್ನು ಪಂಚಾಯ್ತಿಯಿಂದ ತೀರಿಸುವ ಮಾತಾಡುತ್ತಿತ್ತು. 1900ರಲ್ಲಿ ಪ್ಯಾರಿಸ್ಸಿನಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಕಾರ್ಮಿಕ ಶಾಸನ ಸಂಘಕ್ಕೋ ಕಾನೂನೇ ಕಸುಬು. ಎರಡೂ ಎಳೆಗಳು ಒಂದಾದದ್ದು ಮೊದಲ ಮಹಾಯುದ್ಧದ ಬಳಿಕ, 1919ರ ವರ್ಸೈ ಒಪ್ಪಂದದಲ್ಲಿ. ಸಾಮಾಜಿಕ ನ್ಯಾಯವಿಲ್ಲದೆ ಶಾಶ್ವತ ಶಾಂತಿ ಇಲ್ಲ ಎಂಬ ತತ್ವದ ಮೇಲೆ ರಾಷ್ಟ್ರಸಂಘದ ಜೊತೆಗೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ (ಐ.ಎಲ್.ಒ.) ಹುಟ್ಟಿ, ಮುಂದೆ ಜಿನೀವಾದಲ್ಲಿ ನೆಲೆ ನಿಂತಿತು. ಸ್ವಾತಂತ್ರ್ಯವಿಲ್ಲದ ಭಾರತ ಎರಡಕ್ಕೂ ಸ್ಥಾಪಕ ಸದಸ್ಯ.

ಕುರ್ಚಿಯ ಪ್ರಶ್ನೆ

ಐ.ಎಲ್.ಒ. ಸಭೆಯಲ್ಲಿ ಪ್ರತಿ ದೇಶಕ್ಕೂ ಸರಕಾರದ ಇಬ್ಬರು, ಮಾಲೀಕರ ಒಬ್ಬ, ಕಾರ್ಮಿಕರ ಒಬ್ಬ ಪ್ರತಿನಿಧಿ ಇರಬೇಕು. ಕಾರ್ಮಿಕ ಪ್ರತಿನಿಧಿಯನ್ನು ಸಂಘಟನೆಗಳ ಒಪ್ಪಿಗೆಯಿಂದ ಆರಿಸಬೇಕೆಂಬುದು ನಿಯಮ. ಆದರೆ ಭಾರತದಲ್ಲಿ ಅಖಿಲ ಭಾರತ ಸಂಘಟನೆಯೇ ಇರಲಿಲ್ಲ. 1919ರ ವಾಷಿಂಗ್ಟನ್ ಸಮ್ಮೇಳನಕ್ಕೆ ಸರಕಾರ ತಾನೇ ಎನ್.ಎಂ. ಜೋಶಿಯವರನ್ನು ಹೆಸರಿಸಿತು. 1911ರಲ್ಲಿ ಮುಂಬೈಯಲ್ಲಿ ಸೋಷಿಯಲ್ ಸರ್ವಿಸ್ ಲೀಗ್ ಕಟ್ಟಿದ ಜೋಶಿಯವರ ಯೋಗ್ಯತೆಯ ಬಗ್ಗೆ ತಕರಾರಿರಲಿಲ್ಲ. ತಕರಾರಿದ್ದದ್ದು ನೇಮಕದ ರೀತಿಗೆ. ಆ ಕುರ್ಚಿಗೆ ಹಕ್ಕುದಾರರಾಗಬೇಕೆಂಬ ತುರ್ತೇ 1920ರ ಅಕ್ಟೋಬರ್ 31ರಂದು ಮುಂಬೈಯ ಎಂಪೈರ್ ಥಿಯೇಟರಿನಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸನ್ನು (ಎ.ಐ.ಟಿ.ಯು.ಸಿ.) ಹುಟ್ಟಿಸಿತು. ಲಾಲಾ ಲಜಪತ ರಾಯ್ ಅಧ್ಯಕ್ಷರು. ಸ್ವಾಗತ ಸಮಿತಿಯ ಮುಖ್ಯಸ್ಥ ಜೋಸೆಫ್ ಬ್ಯಾಪ್ಟಿಸ್ಟಾ ಬೈಕುಲ್ಲಾಕ್ಕೆ ತಾಗಿಕೊಂಡೇ ಇರುವ ಮಜಗಾಂವ್‌ನ ಮಾಥರ್‌ಪಾಖಾಡಿಯವರು. 1924ರಲ್ಲಿ ಬ್ಯಾಪ್ಟಿಸ್ಟಾ, 1926ರಲ್ಲಿ ಲಜಪತ ರಾಯ್, 1927ರಲ್ಲಿ ವಿ.ವಿ. ಗಿರಿ ಜಿನೀವಾದಲ್ಲಿ ಭಾರತದ ಕಾರ್ಮಿಕರ ಪ್ರತಿನಿಧಿಗಳಾಗಿ ಕುಳಿತರು.

ವಾಷಿಂಗ್ಟನ್ನಿನಲ್ಲಿ ಒಪ್ಪಿದ ಮೊದಲ ಒಡಂಬಡಿಕೆ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದಿತು. ಭಾರತಕ್ಕಾದರೋ ಪ್ರತ್ಯೇಕ ವಿಧಿಯಲ್ಲಿ ವಾರಕ್ಕೆ 60 ಗಂಟೆ! 1921ರ ಜುಲೈನಲ್ಲಿ ಭಾರತ ಇದನ್ನು ಅನುಮೋದಿಸಿದ್ದು ಪ್ರಗತಿಯ ಗುರುತೆಂದು ಹೊಗಳಿಸಿಕೊಂಡಿತಾದರೂ, ಅನುಮೋದನೆಯಾದದ್ದು ನಿಯಮವಲ್ಲ, ವಿನಾಯಿತಿ. ಹಾಗೆಂದು ಅದು ಪೂರಾ ಪೊಳ್ಳೂ ಅಲ್ಲ. 1922ರ ಕಾಯಿದೆ ಗಂಡಾಳುಗಳಿಗೂ ದಿನಕ್ಕೆ 11, ವಾರಕ್ಕೆ 60 ಗಂಟೆಯ ಮಿತಿ ತಂದು, 12 ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆಯಿಂದ ಹೊರಗಿಟ್ಟಿತು. 48 ಗಂಟೆಯ ವಾರ ಮುಂಬೈಯ ಗಿರಣಿಗೆ ಕಾನೂನಾಗಿ ಬರಲು 1946ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಇನ್ನೊಂದು ಅಂತರರಾಷ್ಟ್ರೀಯ

ಜಿನೀವಾದ ಎದುರಾಳಿಯಾಗಿ ಕಮ್ಯುನಿಸ್ಟರ ಮಾಸ್ಕೋ ನಿಂತಿತ್ತು. 1928ರ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಸುಮಾರು ಒಂದೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದಾಗ, ಆ ಹೋರಾಟದ ನಡುವೆ ಹುಟ್ಟಿದ ಗಿರಣಿ ಕಾಮಗಾರ್ ಯೂನಿಯನ್ನಿಗೆ ಸೋವಿಯತ್ ಜವಳಿ ಕಾರ್ಮಿಕರಿಂದಲೂ ಹಣ ಬಂತು. 1929ರ ಮಾರ್ಚಿನಲ್ಲಿ ಆ ಯೂನಿಯನ್ನಿನ ನಾಯಕ ಎಸ್.ಎ. ಡಾಂಗೆ ಮುಂತಾದವರು ಬ್ರಿಟಿಷ್ ಆಳ್ವಿಕೆಯ ವಿರುದ್ಧ ಕಮ್ಯುನಿಸ್ಟ್ ಸಂಚಿನ ಆರೋಪದ ಮೀರತ್ ಪಿತೂರಿ ಮೊಕದ್ದಮೆಯಲ್ಲಿ ಬಂಧಿತರಾದರು. ಆರೋಪಿಗಳಲ್ಲಿ ಜಿ.ಐ.ಪಿ. ರೈಲ್ವೆ ಕಾರ್ಮಿಕರ ನಡುವೆ ದುಡಿದ ಇಂಗ್ಲೆಂಡಿನ ಬೆನ್ ಬ್ರ್ಯಾಡ್ಲಿಯೂ ಇದ್ದರು. ಕನ್ನಡ ಓದುಗರಿಗೆ ಇನ್ನಿಬ್ಬರು ಹತ್ತಿರದವರು: ಭಾರತ ಕಮ್ಯುನಿಸ್ಟ್ ಪಕ್ಷದ ಮೊದಲ ಪ್ರಧಾನ ಕಾರ್ಯದರ್ಶಿಗಳಲ್ಲೊಬ್ಬರಾದ, ಮಂಗಳೂರಿನಿಂದ ಮುಂಬೈಗೆ ಬಂದ ಎಸ್.ವಿ. ಘಾಟೆ, ಮತ್ತು ಕಮ್ಯುನಿಸಂ ತೊರೆದು ಬೆಂಗಳೂರಿನಲ್ಲಿ ನೆಲೆಸಿ ‘ಮೈಸ್‌ಇಂಡಿಯಾ’ ವಾರಪತ್ರಿಕೆಯ ಸಂಪಾದಕರಾದ ಫಿಲಿಪ್ ಸ್ಪ್ರ್ಯಾಟ್.

1929ರ ಕೊನೆಗೆ ನಾಗಪುರ ಅಧಿವೇಶನದಲ್ಲಿ ಎ.ಐ.ಟಿ.ಯು.ಸಿ. ಒಡೆಯಿತು. ಬ್ರಿಟಿಷ್ ಸರಕಾರ ನೇಮಿಸಿದ ಕಾರ್ಮಿಕ ರಾಯಲ್ ಕಮಿಷನ್ನಿಗೂ ಐ.ಎಲ್.ಒ.ಗೂ ಬಹಿಷ್ಕಾರ ಹಾಕುವ ನಿಲುವು ಗೆದ್ದಾಗ ಜೋಶಿ ಮತ್ತವರ ಸಂಗಡಿಗರು ಹೊರನಡೆದರು. ಜಿನೀವಾದ ಕುರ್ಚಿಗಾಗಿ ಕಟ್ಟಿದ ಸಂಘಟನೆ ಹತ್ತು ವರ್ಷ ತುಂಬುವ ಮೊದಲೇ ಅದೇ ಕುರ್ಚಿಯ ಕಾರಣಕ್ಕೆ ಎರಡಾಯಿತು.

ಉಳಿದದ್ದು

ಲೋವರ್ ಪರೇಲಿನ ಡಿಲೈಲ್ ರೋಡ್ ಈಗ ಎನ್.ಎಂ. ಜೋಶಿ ಮಾರ್ಗ. ಮಜಗಾಂವ್‌ನ ಗುಡ್ಡದ ಮೇಲಿನ ಉದ್ಯಾನಕ್ಕೆ ಬ್ಯಾಪ್ಟಿಸ್ಟಾರ ಹೆಸರಿದೆ. ಬಂದರಿನ ಬದಿಯ ಹಾದಿಗೆ ಇಟ್ಟಿರುವುದು ಕರಾವಳಿ ಕರ್ನಾಟಕದಿಂದ ಬಂದು ಬಂದರು ಕಾರ್ಮಿಕರನ್ನು ಸಂಘಟಿಸಿದ ಪಿ. ಡಿಮೆಲ್ಲೊ ಅವರ ಹೆಸರು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಮುಂಬೈಯಲ್ಲಿ ಯೂನಿಯನ್ ಕೆಲಸ ಕಲಿತದ್ದು ಅವರ ಬಳಿ. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಶುರುವಾದ ಗಿರಣಿ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿ, ಆ ಜಾಗಗಳಲ್ಲಿ ಬಹುಮಹಡಿ ಕಟ್ಟಡಗಳು ಎದ್ದವು.

1969ರಲ್ಲಿ ಐ.ಎಲ್.ಒ.ಗೆ ನೊಬೆಲ್ ಶಾಂತಿ ಪ್ರಶಸ್ತಿ ಸಂದಾಗ ಭಾರತದ ರಾಷ್ಟ್ರಪತಿಯಾಗಿದ್ದವರು, ಅದಕ್ಕೆ ಮುಂಚೆ ಮೈಸೂರು ರಾಜ್ಯದ ರಾಜ್ಯಪಾಲರೂ ಆಗಿದ್ದ, 1927ರ ಕಾರ್ಮಿಕ ಪ್ರತಿನಿಧಿ ವಿ.ವಿ. ಗಿರಿ. ಆದರೂ ಸಂಘ ಕಟ್ಟುವ ಸ್ವಾತಂತ್ರ್ಯ ಮತ್ತು ಸಾಮೂಹಿಕ ಚೌಕಾಶಿಯ ಹಕ್ಕುಗಳಿಗೆ ಸಂಬಂಧಿಸಿದ ಐ.ಎಲ್.ಒ.ದ 87 ಮತ್ತು 98ನೆಯ ಒಡಂಬಡಿಕೆಗಳನ್ನು ಸ್ಥಾಪಕ ಸದಸ್ಯ ಭಾರತ ಅನುಮೋದಿಸಿಲ್ಲ.