ತಿರುಕನ ಕನಸು ಮತ್ತು ದುರ್ಗದ ಕಥೆ



ಸುಖವು ಕ್ಷಣಭಂಗುರ, ದೇಹವು ಅನಿತ್ಯ ಎಂಬುದನ್ನು ಶಾಸ್ತ್ರಗಳು ಸೂತ್ರರೂಪದಲ್ಲಿ ಹೇಳಿದವು. ನಮ್ಮ ಶಿವಯೋಗಿಗಳು ಅದನ್ನೇ ಹಾಡಿನಲ್ಲಿಟ್ಟು, ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರಿಗೂ ತಲುಪಿಸಿದರು. 1500ರ ಸುಮಾರಿನಲ್ಲಿದ್ದ ಮುಪ್ಪಿನ ಷಡಕ್ಷರಿಗಳ 'ತಿರುಕನ ಕನಸು' ಅಂಥ ಹಾಡುಗಳಲ್ಲೊಂದು. ಬಾಲ್ಯದಲ್ಲಿ ನಾವು ಅದನ್ನು ಬಾಯಿಪಾಠ ಮಾಡಿದ್ದೆವು. ಆನೆಯು ತಿರುಕನಿಗೆ ಮಾಲೆ ಹಾಕುವಲ್ಲಿ ಚಪ್ಪಾಳೆ ತಟ್ಟುತ್ತಿದ್ದೆವು; ಕೊನೆಯ ನುಡಿ ಬರುವ ಹೊತ್ತಿಗೆ ನಮ್ಮ ಮನಸ್ಸು ಆಟದ ಬಯಲಿಗೆ ಹೋಗಿರುತ್ತಿತ್ತು.

ಕಥೆ ನಿಮಗೆಲ್ಲ ತಿಳಿದದ್ದೇ. ಹಾಳು ಛತ್ರದಲ್ಲಿ ಮಲಗಿದ ಭಿಕ್ಷುಕನೊಬ್ಬ ಕನಸು ಕಂಡನು. ಊರ ಅರಸನು ಮಕ್ಕಳಿಲ್ಲದೆ ತೀರಿಕೊಂಡನು. ಪಟ್ಟಕ್ಕೆ ಆನೆಯು ಇವನನ್ನೇ ಆರಿಸಿತು. ಮಡದಿಯರು, ಮಕ್ಕಳು, ಮಕ್ಕಳ ಮದುವೆ ಎಲ್ಲವೂ ಆಯಿತು, ಮದವೂ ಏರಿತು. ಅಷ್ಟರಲ್ಲಿ ವೈರಿಗಳ ದಂಡು ಮುತ್ತಿದಂತಾಗಿ ಬೆಚ್ಚಿ ಎಚ್ಚತ್ತನು.

ಇದು ಬರಿಯ ಕನಸಲ್ಲ. ನಮ್ಮ ಚಿತ್ರದುರ್ಗದಲ್ಲಿ ಕಸ್ತೂರಿ ರಂಗಪ್ಪನಾಯಕರು ಸಂತಾನವಿಲ್ಲದೆ ತೀರಿಕೊಂಡಾಗ, ಜಾನಕಲ್ಲಿನ ಬಾಲಕನನ್ನು ಕರೆತಂದು ಪಟ್ಟಗಟ್ಟಿದರು. ಅವರೇ ಕಡೆಯ ಮದಕರಿನಾಯಕರು. ಏಳು ಸುತ್ತಿನ ಆ ಕೋಟೆ 1779ರಲ್ಲಿ ಹೈದರಾಲಿಯ ವಶವಾಯಿತು. ನಾಯಕರು ಶ್ರೀರಂಗಪಟ್ಟಣದ ಸೆರೆ ಸೇರಿದರು. ಗೆದ್ದ ಹೈದರಾಲಿಯೂ 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿ ದಂಡಿನ ಬಿಡಾರದಲ್ಲಿ ತೀರಿಕೊಂಡನು. 1799ರಲ್ಲಿ ಟಿಪ್ಪುವೂ ಮಡಿದನು. ವೀರರಾದ ನಾಯಕರನ್ನು ನಾವು ತಿರುಕನಿಗೆ ಹೋಲಿಸುತ್ತಿಲ್ಲ. ವೀರರನ್ನೂ ಕಾಲವು ಬಿಡಲಿಲ್ಲವೆಂದಷ್ಟೇ ಹೇಳುತ್ತಿದ್ದೇವೆ.

ಎಲ್ಲವೂ ಹೋಗುವುದಾದರೆ ಕೈಕಟ್ಟಿ ಕೂಡೋಣವೇ ಎಂದು ನೀವು ಕೇಳಬಹುದು. ಉತ್ತರವಿರುವುದು ನಾವು ಅಂದು ಕಿವಿಗೊಡದ ಆ ಕೊನೆಯ ನುಡಿಯಲ್ಲಿ. ಷಡಕ್ಷರಿಗಳು ತಿರುಕನನ್ನು ಕನಸು ಕಂಡನೆಂದು ದೂರುವುದಿಲ್ಲ. ಎಚ್ಚರವಾದ ಮೇಲೂ ಶಿವನನ್ನು ಕಾಣದೆ ಮತ್ತೆ ಬೇಡಲು ಹೊರಟನೆಂದು ಮರುಗುತ್ತಾರೆ.

ಎಚ್ಚರವೆಂದರೇನೆಂದು ತುರುವನೂರಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 1939ರಲ್ಲಿ ಎಸ್. ನಿಜಲಿಂಗಪ್ಪನವರ ನೇತೃತ್ವದಲ್ಲಿ ಇಲ್ಲಿ ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ಮಾಡಿದರು. ಹೆಂಡದ ಸುಖವೂ ತಿರುಕನ ರಾಜ್ಯವೇ. ಕುಡಿದವನು ರಾತ್ರಿ ಅರಸ, ಬೆಳಗಾದರೆ ಸಾಲಗಾರ. ನಿಜಲಿಂಗಪ್ಪನವರು ಮುಂದೆ ಮುಖ್ಯಮಂತ್ರಿಗಳಾದರು. 1968ರಲ್ಲಿ ಆ ಪದವಿಯನ್ನು ಬಿಟ್ಟರು. 2000ದಲ್ಲಿ ದೇಹವನ್ನೂ ಬಿಟ್ಟರು. ಪದವಿ ಉಳಿಯಲಿಲ್ಲ. ಊರು ಒಂದಾಗಿ ಮಾಡಿದ ಕೆಲಸದ ನೆನಪು ಉಳಿಯಿತು.

ಆದುದರಿಂದ ಬೆಳೆ ಬಂದಾಗ ಹಿಗ್ಗಿರಿ, ಮಕ್ಕಳ ಮದುವೆಯಲ್ಲಿ ಸಂತೋಷಪಡಿರಿ, ನಾವು ಬೇಡವೆನ್ನುವುದಿಲ್ಲ. ಸಾಲ ಮಾಡಿ ಮೆರೆಯಬೇಡಿರಿ. ಬಂದುದರಲ್ಲಿ ಒಂದು ಪಾಲು ದಾಸೋಹಕ್ಕಿರಲಿ, ದಿನಕ್ಕೊಂದು ಗಳಿಗೆ ಇಷ್ಟಲಿಂಗದ ಮುಂದಿರಲಿ. ದಂಡು ಬಂದು ಎಬ್ಬಿಸುವ ಮೊದಲೇ ಎಚ್ಚರಗೊಳ್ಳುವ ಭಾಗ್ಯ ನಿಮಗೂ ನಮಗೂ ಆಗಲೆಂದು ಹಾರೈಸುತ್ತೇವೆ.