ಧಾರವಾಡ ಸೀಮೆಯ ಹಿಂದೂಸ್ತಾನಿ ಗಾಯಕರ ಬಾಲ್ಯಶಿಕ್ಷಣ

20ನೆಯ ಶತಮಾನದ ಪೂರ್ವಾರ್ಧದಲ್ಲಿ ಧಾರವಾಡ, ಹುಬ್ಬಳ್ಳಿ, ಗದಗ ಭಾಗದ ಗಾಯಕರಿಗೆ ಎಳವೆಯಲ್ಲಿ ದೊರೆತ ಸಂಗೀತ ಸಂಸ್ಕಾರದ ಚರಿತ್ರೆ. ‘ಧಾರವಾಡ ಘರಾಣೆ’ ಎಂಬ ಮಾತು ಬಳಕೆಯಲ್ಲಿದ್ದರೂ ಅಂಥ ಘರಾಣೆಯಿಲ್ಲ. ಇಲ್ಲಿನವರು ಕಿರಾಣಾ, ಗ್ವಾಲಿಯರ್, ಜೈಪುರ-ಅತ್ರೌಲಿ ಪರಂಪರೆಯವರು. ಪರಂಪರೆಯ ಪಟ್ಟಿಗಳು ಗುರುವಿನಿಂದ ಮೊದಲಾಗುತ್ತವೆ. ಗುರು ಸಿಗುವ ಮುನ್ನವೇ ಕಿವಿ ಪಳಗಿತ್ತು ಎಂಬ ಸಂಗತಿ ಅವುಗಳಲ್ಲಿ ಬಿಟ್ಟುಹೋಗಿದೆ.

ಮೈಸೂರು ಅರಮನೆಗೆ ಹೋಗಿಬರುತ್ತಿದ್ದ ಕಿರಾಣಾ ಪರಂಪರೆಯ ಗಾಯಕ ಅಬ್ದುಲ್ ಕರೀಂ ಖಾನರು ಈ ಸೀಮೆಯಲ್ಲಿ ತಂಗುತ್ತಿದ್ದುದೂ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು (1886–1952), ಅವರ ಶಿಷ್ಯರಾದುದೂ ಸುಪರಿಚಿತ.

ಹೆಚ್ಚು ಗಮನ ಬೇಡುವ ಹೆಸರು ಅಂಬಾಬಾಯಿಯವರದು. ಗಂಗೂಬಾಯಿ ಹಾನಗಲ್ಲರ (1913–2009) ತಾಯಿಯಾದ ಅವರು ಕರ್ನಾಟಕ ಸಂಗೀತದ ಗಾಯಕಿ. ಅವರ ಹಾಡು ಕೇಳಲು ಕರೀಂ ಖಾನರೇ ಬರುತ್ತಿದ್ದರು. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ, ತಮ್ಮ ಶೈಲಿಯ ಛಾಯೆ ಆಕೆಯ ಮೇಲೆ ಬೀಳಬಾರದೆಂದು ತಾಯಿ ತಮ್ಮ ಹಾಡಿಕೆಯನ್ನೇ ಬಿಟ್ಟರು. ಗುರುವಿನ ಪಾಠದಷ್ಟೇ ತೂಕದ ಕೊಡುಗೆ ಇದು. ಮುಂದೆ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಒಂದು ಸ್ವರಗುಚ್ಛ ಸರಿಯಾಗಿ ಕೂಡುವ ತನಕ ಗುರುಗಳು ಮುಂದಿನದನ್ನು ಹೇಳಿಕೊಡುತ್ತಿರಲಿಲ್ಲ. ಬೀದಿಯಲ್ಲಿ ‘ಗಾನೇವಾಲಿ’ ಎಂಬ ಹಂಗಿನ ಮಾತೂ ಕೇಳಬೇಕಾಗುತ್ತಿತ್ತು.

ಹುಡುಗರಿಗೆ ನಾಟಕ ಕಂಪನಿಯೇ ಪಾಠಶಾಲೆ. ಮಲ್ಲಿಕಾರ್ಜುನ ಮನ್ಸೂರರು (1910–1992) ಬಾಲನಟರಾಗಿ ವಾಮನರಾವ್ ಮಾಸ್ತರರ ಕಂಪನಿ ಸೇರಿದ್ದರು. ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತ ಕಲಿತಿದ್ದ ಹುಡುಗನ ರಂಗಗೀತೆ ಕೇಳಿ ಮೆಚ್ಚಿದ ಗ್ವಾಲಿಯರ್ ಪರಂಪರೆಯ ನೀಲಕಂಠಬುವಾ ಆತನನ್ನು ಮೀರಜಿಗೆ ಕರೆದೊಯ್ದರು. ಜೈಪುರ-ಅತ್ರೌಲಿಯ ಮಂಜೀ ಖಾನ್, ಭೂರ್ಜಿ ಖಾನರ ಶಿಕ್ಷಣ ಆಮೇಲಿನದು. ಮನ್ಸೂರರನ್ನು ಈ ಕೊನೆಯ ಹಂತದಿಂದಷ್ಟೇ ಗುರುತಿಸುವುದು ಅರೆಬರೆ ಚಿತ್ರ.

ಗ್ರಾಮಫೋನ್ ತಟ್ಟೆಗಳ ಪಾಲೂ ದೊಡ್ಡದು. ಗದುಗಿನ ಭೀಮಸೇನ ಜೋಶಿ (1922–2011) ಕರೀಂ ಖಾನರ ಝಿಂಝೋಟಿ ಠುಮ್ರಿಯ ತಟ್ಟೆ ಕೇಳಿ 1933ರಲ್ಲಿ ಗುರುವನ್ನರಸಿ ಮನೆಬಿಟ್ಟರು. ಗ್ವಾಲಿಯರ್ ಸುತ್ತಿ ಜಲಂಧರದಲ್ಲಿದ್ದಾಗ, ನಿನ್ನ ಸೀಮೆಯಲ್ಲೇ ಸವಾಯಿ ಗಂಧರ್ವರಿದ್ದಾರಲ್ಲ ಎಂದು ತಿಳಿಹೇಳಿದವರು ವಿನಾಯಕರಾವ್ ಪಟವರ್ಧನರು. ಸುಳೇಭಾವಿಯ ಶಿವಪುತ್ರ ಕೋಂಕಾಳಿಮಠ ತಟ್ಟೆಗಳಲ್ಲಿದ್ದ ಗಾಯನವನ್ನು ಯಥಾವತ್ತಾಗಿ ಹಾಡಿಯೇ ಬಾಲ್ಯದಲ್ಲಿ ‘ಕುಮಾರ ಗಂಧರ್ವ’ ಎನಿಸಿಕೊಂಡರು. ಬಳಿಕ ಮುಂಬಯಿಯಲ್ಲಿ ಬಿ.ಆರ್. ದೇವಧರರ ಬಳಿ ಕಲಿತರು.

ಅನ್ನ, ವಸತಿ, ವಿದ್ಯೆ ಮೂರನ್ನೂ ಒಂದೇ ಸೂರಿನಡಿ ಕೊಟ್ಟದ್ದು ಗದುಗಿನ ವೀರೇಶ್ವರ ಪುಣ್ಯಾಶ್ರಮ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೂ ಬಡವರಿಗೂ ಎರಡೂ ಪದ್ಧತಿಯ ಸಂಗೀತ ಕಲಿಸಿದರು. ಬಸವರಾಜ ರಾಜಗುರು ಅವರು ಇವರ ಶಿಷ್ಯರು.

1950ರಲ್ಲಿ ಆಕಾಶವಾಣಿ ಕೇಂದ್ರ ಧಾರವಾಡದಲ್ಲಿ ಆರಂಭವಾಯಿತು. ಅದುವರೆಗೆ ಮೈಫಿಲಿಗೆ ಹೋದವರಿಗಷ್ಟೇ ಸಿಗುತ್ತಿದ್ದ ಗಾಯನ ರೇಡಿಯೋ ಇದ್ದ ಮನೆಯ ಮಕ್ಕಳಿಗೂ ದಕ್ಕತೊಡಗಿತು.