ಬೈಲುಕುಪ್ಪೆಯ ಟಿಬೆಟನ್ ನೆಲೆ: ದುಡಿಮೆ, ನೆಲ ಮತ್ತು ನೆನಪು

ಕನ್ನಡದಲ್ಲಿ 'ನಿರಾಶ್ರಿತ' ಎಂಬ ಒಂದೇ ಪದ ಎರಡು ಬಗೆಯ ಜನರನ್ನು ಸೂಚಿಸುತ್ತದೆ. ದೇಶ ಬಿಟ್ಟು ಬಂದವರೂ ನಿರಾಶ್ರಿತರೇ, ಬೀದಿಯಲ್ಲಿ ಮಲಗುವವರೂ ನಿರಾಶ್ರಿತರೇ. ಬೆಂಗಳೂರಿನಲ್ಲಿ ಭಿಕ್ಷುಕರನ್ನು ಇರಿಸುವ ಸರ್ಕಾರಿ ಸಂಸ್ಥೆಯ ಹೆಸರೂ ನಿರಾಶ್ರಿತರ ಪರಿಹಾರ ಕೇಂದ್ರ. ಕಾನೂನಿಗೆ ಇವು ಬೇರೆ ಬೇರೆ ವರ್ಗಗಳು. ಆದರೆ ಸೂರು ತಪ್ಪಿದವರು ಬದುಕನ್ನು ಮತ್ತೆ ಕಟ್ಟಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಯ ಮುಂದೆ ಭಾಷೆಯ ಈ ಅಭೇದ ಅರ್ಥಪೂರ್ಣವಾಗಿಯೇ ತೋರುತ್ತದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯ ಇತಿಹಾಸವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಓದಬೇಕಾಗಿದೆ.

1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲ್ಹಾಸಾವನ್ನು ತೊರೆದ ಮೇಲೆ ಸುಮಾರು 80,000 ಟಿಬೆಟನ್ನರು ಗಡಿ ದಾಟಿದರು. ಅಸ್ಸಾಮಿನ ಮಿಸ್ಸಮಾರಿ, ಬಂಗಾಳದ ಬಕ್ಸಾ ಮೊದಲಾದ ಶಿಬಿರಗಳಲ್ಲಿ ಸೆಕೆಗೂ ರೋಗಕ್ಕೂ ಅನೇಕರು ಬಲಿಯಾದರು. ಉಳಿದವರಲ್ಲಿ ಸಾವಿರಾರು ಜನರನ್ನು ಹಿಮಾಲಯದ ರಸ್ತೆ ಕಾಮಗಾರಿಗೆ ಕಳುಹಿಸಲಾಯಿತು. ಗಂಡಸರೂ ಹೆಂಗಸರೂ ಕಲ್ಲು ಒಡೆದರು, ಮಣ್ಣು ಹೊತ್ತರು. ದಿನಗೂಲಿ ದೊರೆಯುತ್ತಿತ್ತು. ಆದರೆ ರಸ್ತೆ ಮುಂದುವರಿದಂತೆಲ್ಲ ಡೇರೆಯನ್ನೂ ಕಿತ್ತು ಮುಂದೆ ಹಾಕಬೇಕಾಗಿತ್ತು. ಪುನರ್ವಸತಿಯನ್ನು ಕುರಿತ ಚರ್ಚೆಗಳಲ್ಲಿ ಉದ್ಯೋಗವೊಂದಿದ್ದರೆ ಉಳಿದುದೆಲ್ಲ ತಾನಾಗಿ ಬರುತ್ತದೆ ಎಂಬ ನಂಬಿಕೆ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಈ ರಸ್ತೆ ಶಿಬಿರಗಳು ಅದನ್ನು ಸುಳ್ಳಾಗಿಸುತ್ತವೆ. ಅಲ್ಲಿ ದುಡಿಮೆಯಿತ್ತು, ನೆಲೆಯಿರಲಿಲ್ಲ.

ನೆಹರೂ ಅವರ ಕೋರಿಕೆಗೆ ಓಗೊಟ್ಟ ಮೈಸೂರು ರಾಜ್ಯವು ಬೈಲುಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಒದಗಿಸಿತು. 1960ರ ಕೊನೆಯಲ್ಲಿ ಮೊದಲ ತಂಡ ಬಂದಿಳಿಯಿತು. ಲುಗ್ಸುಂಗ್ ಸಂದುಪ್ಲಿಂಗ್ ಎಂಬ ಈ ನೆಲೆಯ ಆರಂಭದ ದಿನಗಳನ್ನು ದಲೈ ಲಾಮಾ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ: ಬಿದಿರು ಮತ್ತು ಬಟ್ಟೆಯ ಡೇರೆ, ಕಡಿದ ಕಾಡನ್ನು ಸುಡುವ ಬೆಂಕಿಯ ಝಳ, ಎಲ್ಲದರ ಮೇಲೂ ಕೂತ ಬೂದಿ, ಎದೆಗುಂದಿದ ಜನ. ಚಳಿನಾಡಿನಲ್ಲಿ ಬಾರ್ಲಿ ಬೆಳೆದವರು, ಯಾಕ್ ಮೇಯಿಸಿದವರು ಇಲ್ಲಿ ಮುಂಗಾರಿನ ಹದ ಅರಿಯಬೇಕಾಯಿತು. ಆನೆಗಳಿಂದ ಬೆಳೆ ಕಾಯಬೇಕಾಯಿತು. ತಲೆಗೆ ಒಂದು ಎಕರೆಯ ಲೆಕ್ಕದಲ್ಲಿ ಜಮೀನು ಹಂಚಿಕೆಯಾಯಿತು. ಹಲವು ಪ್ರಯೋಗಗಳ ಬಳಿಕ ಮುಸುಕಿನ ಜೋಳ ಕೈಹಿಡಿಯಿತು. ಬೆಳೆಯನ್ನು ಕೊಳ್ಳುವುದು, ಟ್ರ್ಯಾಕ್ಟರ್ ಒದಗಿಸುವುದು, ಅಂಗಡಿ ನಡೆಸುವುದು ಸಹಕಾರ ಸಂಘದ ಹೊಣೆಯಾಯಿತು. ಮಳೆಯಾಶ್ರಿತ ಒಂದು ಬೆಳೆ ವರ್ಷವಿಡೀ ಹೊಟ್ಟೆ ತುಂಬಿಸುವುದಿಲ್ಲ. ಆದ್ದರಿಂದ ಕೊಯ್ಲು ಮುಗಿದ ಮೇಲೆ ಲೂಧಿಯಾನಾದ ಸ್ವೆಟರ್‌ಗಳನ್ನು ಹೊತ್ತು ಊರೂರು ತಿರುಗುವ ವ್ಯಾಪಾರ ಬೆಳೆಯಿತು. ಚಳಿಗಾಲದಲ್ಲಿ ಪೇಟೆಯ ಬೀದಿಬದಿಯಲ್ಲಿ ಕಾಣುವ ಟಿಬೆಟನ್ ಹೆಂಗಸಿನ ಸ್ವೆಟರ್ ರಾಶಿಗೂ ಬೈಲುಕುಪ್ಪೆಯ ಜೋಳದ ಹೊಲಕ್ಕೂ ಇರುವ ನಂಟು ಇದು.

ದುಡಿಮೆಯ ಜೊತೆಗೆ ನಿಂತದ್ದು ಸಮುದಾಯ. 1963ರಲ್ಲಿ ನಾಮ್‌ಡ್ರೋಲಿಂಗ್ ಮಠ ಇಲ್ಲಿ ನೆಲೆಗೊಂಡಿತು. ಬಕ್ಸಾದಲ್ಲಿ ಉಳಿದಿದ್ದ ಸೆರಾ ಮಠದ ಭಿಕ್ಷುಗಳು 1970ರ ವೇಳೆಗೆ ಬಂದರು. ಅವರಿಗೂ ಹೊಲದ ಕೆಲಸ ತಪ್ಪಲಿಲ್ಲ. ಶಾಲೆ, ವೃದ್ಧಾಶ್ರಮ, ಲೋಸಾರ್ ಹಬ್ಬ ಇವೆಲ್ಲವೂ ಅದೇ ನೆಲದಲ್ಲಿ ಬೇರೂರಿದವು.

ಜನಪದ ನೆನಪಿನ ದೃಷ್ಟಿಯಿಂದ ಇಲ್ಲೊಂದು ಕುತೂಹಲದ ಸಂಗತಿಯಿದೆ. ಭೂಮಿ ಕೊಟ್ಟ ಪುಣ್ಯವನ್ನು ಟಿಬೆಟನ್ನರು ಒಕ್ಕೊರಲಿನಿಂದ ಎಸ್. ನಿಜಲಿಂಗಪ್ಪನವರಿಗೆ ಸಲ್ಲಿಸುತ್ತಾರೆ. ಆದರೆ 1960ರಲ್ಲಿ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. ನಿಜಲಿಂಗಪ್ಪನವರು 1958ರಲ್ಲಿ ಅಧಿಕಾರ ಬಿಟ್ಟು 1962ರಲ್ಲಿ ಮರಳಿದರು; ಮುಂಡಗೋಡಿನ ನೆಲೆ ಆರಂಭವಾದದ್ದು 1966ರಲ್ಲಿ, ಅವರ ಅವಧಿಯಲ್ಲಿ. ಹಲವರು ಹಲವು ಹಂತಗಳಲ್ಲಿ ಮಾಡಿದ ಉಪಕಾರವನ್ನು ಜನರ ನೆನಪು ಒಂದೇ ಹೆಸರಿಗೆ ಪೋಣಿಸಿಕೊಂಡಿದೆ. ಇದನ್ನು ತಪ್ಪೆಂದು ತಳ್ಳಿಹಾಕುವುದಕ್ಕಿಂತ ಕೃತಜ್ಞತೆಯ ಕಥನವೆಂದು ಗ್ರಹಿಸುವುದು ಸೂಕ್ತ. ಜತ್ತಿಯವರ ಹೆಸರು ಮರೆಯಾದದ್ದು ಮಾತ್ರ ನ್ಯಾಯವಲ್ಲ.

ಟಿಬೆಟನ್ನರ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆಯು ಮುಂದೆ ಸ್ಥಳೀಯ ಬಡವರ ಕಡೆಗೆ ತಿರುಗಿ ಸ್ವಸಹಾಯ ಸಂಘಗಳ ಕೆಲಸದಲ್ಲಿ ಹೆಸರು ಮಾಡಿತು. ಹೊರಗಿನವರಿಗೆ ಭೂಮಿ ದೊರೆಯುವುದನ್ನು ಪಕ್ಕದಲ್ಲೇ ಇದ್ದ ಭೂರಹಿತರು ನೋಡುತ್ತಿದ್ದ ಪ್ರದೇಶವಿದು. ಆ ದೃಷ್ಟಿಯಿಂದ ಈ ತಿರುವಿನ ಮಹತ್ವ ಸಣ್ಣದಲ್ಲ.

ಇಷ್ಟಾದರೂ ಭೂಮಿ ಟಿಬೆಟನ್ನರ ಸ್ವಂತದ್ದಲ್ಲ. ಅವರು ಅದನ್ನು ಮಾರುವಂತಿಲ್ಲ. 2014ರ ಕೇಂದ್ರ ಪುನರ್ವಸತಿ ನೀತಿಯು ಗುತ್ತಿಗೆಯನ್ನು ಕ್ರಮಬದ್ಧಗೊಳಿಸಲು ಸೂಚಿಸಿತು. 1950ರ ಜನವರಿ 26 ಮತ್ತು 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತದ ಪೌರರೆಂದು ಕರ್ನಾಟಕ ಹೈಕೋರ್ಟು 2013ರಲ್ಲಿ ಹೇಳಿದರೂ ಅದನ್ನು ಪಡೆಯಲು ಎಲ್ಲರೂ ಮುಂದಾಗಲಿಲ್ಲ. ಪೌರತ್ವ ಪಡೆದರೆ ನೆಲೆಯ ಸವಲತ್ತು ತಪ್ಪೀತೆಂಬ ಅಳುಕು ಕೆಲವರಿಗೆ, ಟಿಬೆಟ್ಟಿಗೆ ಮರಳುವ ಹಕ್ಕು ಸಡಿಲವಾದೀತೆಂಬ ಅಳುಕು ಮತ್ತೆ ಕೆಲವರಿಗೆ. ಯುವಜನರಲ್ಲಿ ಅನೇಕರು ಬೆಂಗಳೂರಿಗೆ, ಯೂರೋಪು ಅಮೆರಿಕಗಳಿಗೆ ಹೋಗುತ್ತಿದ್ದಾರೆ. ಹೊಲಗಳಲ್ಲಿ ಸುತ್ತಲಿನ ಕನ್ನಡಿಗರ ದುಡಿಮೆಯೂ ಸೇರಿದೆ. ಡೇರೆಗಳು ಹೋಗಿ ಹೆಂಚಿನ ಮನೆ, ತಾರಸಿ ಮನೆಗಳು ಬಂದು ದಶಕಗಳೇ ಕಳೆದಿವೆ. ಆದರೂ ಅಲ್ಲಿನ ಊರುಗಳನ್ನು ಟಿಬೆಟನ್ನರೂ ಕನ್ನಡಿಗರೂ ಇಂದಿಗೂ ಒಂದನೇ ಕ್ಯಾಂಪು, ನಾಲ್ಕನೇ ಕ್ಯಾಂಪು ಎಂದೇ ಕರೆಯುತ್ತಾರೆ.